ಮಾಜಿ ರಾಷ್ಟ್ರನಾಯಕರು ಪರದೇಶದ ಕಟಕಟೆಯಲ್ಲಿ: ಲಂಡನ್‌ನಿಂದ ಡಕಾರ್‌ವರೆಗೆ

ಅಧಿಕಾರದಿಂದ ಇಳಿದ ರಾಷ್ಟ್ರನಾಯಕ ತನ್ನ ಆಳ್ವಿಕೆಯ ಕಾಲದ ಕೃತ್ಯಗಳಿಗೆ ಬೇರೊಂದು ದೇಶದ ನ್ಯಾಯಾಲಯದಲ್ಲಿ ಉತ್ತರ ಕೊಡಬೇಕೆ? ಬಹುಕಾಲ ಈ ಪ್ರಶ್ನೆಗೆ ರಾಜರುಗಳ ಲೋಕ ಕೊಟ್ಟ ಉತ್ತರ ಒಂದೇ: ಒಬ್ಬ ದೊರೆ ಇನ್ನೊಬ್ಬ ದೊರೆಯ ನ್ಯಾಯಪೀಠಕ್ಕೆ ತಲೆಬಾಗಬೇಕಿಲ್ಲ. 1919ರ ವರ್ಸೇಲ್ಸ್ ಒಪ್ಪಂದದ 227ನೇ ವಿಧಿ ಜರ್ಮನಿಯ ಪದಚ್ಯುತ ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್‌ನನ್ನು ವಿಚಾರಣೆಗೆ ಗುರಿಪಡಿಸಲು ಹೊರಟಿತು. ಆಶ್ರಯ ಕೊಟ್ಟಿದ್ದ ನೆದರ್ಲೆಂಡ್ಸ್ ಅವನನ್ನು ಒಪ್ಪಿಸಲಿಲ್ಲ. 1941ರಲ್ಲಿ ಅಲ್ಲಿಯೇ ಸಾಯುವವರೆಗೂ ಅವನು ನಿಶ್ಚಿಂತೆಯಿಂದಿದ್ದ.

ಎರಡನೇ ಮಹಾಯುದ್ಧದ ನಂತರ ಮಾತು ಬದಲಾಯಿತು. ರಾಷ್ಟ್ರದ ಮುಖ್ಯಸ್ಥನಾಗಿದ್ದೆ ಎಂಬುದು ಅಂತರರಾಷ್ಟ್ರೀಯ ಅಪರಾಧದ ಹೊಣೆಯಿಂದ ಯಾರನ್ನೂ ಬಿಡಿಸದು ಎಂಬ ತತ್ವವನ್ನು ನ್ಯೂರೆಂಬರ್ಗ್ ಸನ್ನದು ಸಾರಿತು. 1950ರಲ್ಲಿ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ ಅದನ್ನು ಸೂತ್ರರೂಪಕ್ಕೆ ತಂದಿತು. ನಮ್ಮ ಕರಾವಳಿ ಮೂಲದ ಬೆನಗಲ್ ನರಸಿಂಗ ರಾವ್ ಆಗ ಆ ಆಯೋಗದ ಸದಸ್ಯರಲ್ಲೊಬ್ಬರು. ಆದರೆ ಸೂತ್ರ ಸೂತ್ರವಾಗಿಯೇ ಉಳಿಯಿತು. ಒಂದು ದೇಶದ ಸಾಮಾನ್ಯ ನ್ಯಾಯಾಲಯ ಇನ್ನೊಂದು ದೇಶದ ಮಾಜಿ ಅಧ್ಯಕ್ಷನ ವಿಷಯದಲ್ಲಿ ಅದನ್ನು ಗಂಭೀರವಾಗಿ ಒರೆಗೆ ಹಚ್ಚುವ ಹೊತ್ತಿಗೆ ಸುಮಾರು ಅರ್ಧ ಶತಮಾನ ಕಳೆದಿತ್ತು.

1998ರ ಅಕ್ಟೋಬರ್ 16ರಂದು, ಬೆನ್ನಿನ ಶಸ್ತ್ರಚಿಕಿತ್ಸೆಗೆಂದು ಲಂಡನ್ನಿನ ಆಸ್ಪತ್ರೆಯಲ್ಲಿದ್ದ ಚಿಲಿಯ ಅಗಸ್ಟೋ ಪಿನೊಶೆಯನ್ನು ಬ್ರಿಟಿಷ್ ಪೊಲೀಸರು ಸ್ಪೇನಿನ ನ್ಯಾಯಾಧೀಶ ಬಾಲ್ತಸಾರ್ ಗಾರ್ಸೋನ್ ಅವರ ಕೋರಿಕೆಯ ಮೇಲೆ ಬಂಧಿಸಿದರು. 1973ರ ಸೆಪ್ಟೆಂಬರ್ 11ರ ಕ್ಷಿಪ್ರಕ್ರಾಂತಿಯಲ್ಲಿ ಚುನಾಯಿತ ಅಧ್ಯಕ್ಷ ಅಯೆಂದೆಯ ಸರ್ಕಾರವನ್ನು ಉರುಳಿಸಿ ಹದಿನಾರೂವರೆ ವರ್ಷ ಆಳಿದ ಸೇನಾಧಿಕಾರಿ ಈತ. ಲಂಡನ್ನಿನ ಹೈಕೋರ್ಟ್ ಆತನಿಗೆ ಪೂರ್ಣ ವಿನಾಯಿತಿ ಉಂಟೆಂದಿತು. ನವೆಂಬರ್ 25ರಂದು, ಆಗ ಬ್ರಿಟನ್ನಿನ ಅತ್ಯುಚ್ಚ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ 3–2ರ ಬಹುಮತದಿಂದ ಆ ತೀರ್ಪನ್ನು ತಳ್ಳಿಹಾಕಿತು. ಬಹುಮತದಲ್ಲಿದ್ದ ಲಾರ್ಡ್ ಹಾಫ್‌ಮನ್ ಅವರಿಗೆ, ಪ್ರಕರಣದಲ್ಲಿ ವಾದ ಮಂಡಿಸಿದ್ದ ಮಾನವಹಕ್ಕು ಸಂಘಟನೆ ಆಮ್ನೆಸ್ಟಿಯ ಅಂಗಸಂಸ್ಥೆಯೊಂದಿಗೆ ನಂಟಿದ್ದುದು ಬಯಲಾದಾಗ ಆ ತೀರ್ಪೂ ರದ್ದಾಯಿತು. ಆರೋಪಿ ಎಂಥವನೇ ಇರಲಿ, ಪೀಠ ನಿಷ್ಪಕ್ಷಪಾತವಾಗಿರಬೇಕು ಎಂಬ ಈ ಹಟವೇ ಮುಂದಿನ ತೀರ್ಪಿಗೆ ತೂಕ ತಂದಿತೆಂದು ನಾನು ನಂಬುತ್ತೇನೆ.

1999ರ ಮಾರ್ಚ್ 24ರಂದು ಬಂದ ಮೂರನೇ ತೀರ್ಪನ್ನು ಹತ್ತಿರದಿಂದ ನೋಡಬೇಕು. ಏಳು ಮಂದಿಯ ಪೀಠದಲ್ಲಿ ಆರು ಮಂದಿ ಪಿನೊಶೆಗೆ ಪೂರ್ಣ ವಿನಾಯಿತಿ ಇಲ್ಲವೆಂದರು. ಅಧಿಕಾರದಲ್ಲಿರುವ ರಾಷ್ಟ್ರಾಧ್ಯಕ್ಷನಿಗೆ ಹುದ್ದೆಯ ಕಾರಣದಿಂದ ಸಿಗುವ ರಕ್ಷಣೆ ಹುದ್ದೆಯೊಂದಿಗೇ ಮುಗಿಯುತ್ತದೆ. ಅಧಿಕೃತ ಕಾರ್ಯಗಳಿಗೆ ಸಂಬಂಧಿಸಿದ ರಕ್ಷಣೆಯಷ್ಟೇ ಆಮೇಲೂ ಉಳಿಯುತ್ತದೆ. 1984ರ ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಸಹಿ ಹಾಕಿದ ದೇಶಗಳ ನಡುವೆ ಚಿತ್ರಹಿಂಸೆಯನ್ನು ಅಂಥ ರಕ್ಷಣೆಗೆ ಅರ್ಹವಾದ ರಾಜಕಾರ್ಯವೆನ್ನಲಾಗದು ಎಂಬುದು ತೀರ್ಪಿನ ತಿರುಳು. ಬ್ರಿಟನ್ ಆ ಒಡಂಬಡಿಕೆಯನ್ನು ಅನುಮೋದಿಸಿದ್ದು 1988ರ ಡಿಸೆಂಬರ್ 8ರಂದು. ವಿನಾಯಿತಿ ಇಲ್ಲದ್ದು ಆ ದಿನದಿಂದೀಚಿನ ಕೃತ್ಯಗಳಿಗೆ ಮಾತ್ರ ಎಂದು ಬಹುಮತ ಗೆರೆ ಎಳೆಯಿತು. ಕ್ರಾಂತಿಯ ಬೆನ್ನಿಗೇ ನಡೆದ ಹತ್ಯೆಗಳು, ಕಣ್ಮರೆಗಳು, ಸೆರೆಮನೆಯ ನರಕಗಳು ಬಹುಪಾಲು ಈ ಗೆರೆಯ ಆಚೆಗೇ ಉಳಿದವು. ಚಿಲಿ ಈ ಒಡಂಬಡಿಕೆಯನ್ನು ಅನುಮೋದಿಸಿದ್ದು 1988ರ ಸೆಪ್ಟೆಂಬರಿನಲ್ಲಿ, ಪಿನೊಶೆಯ ಆಡಳಿತದಲ್ಲೇ. ಆತನನ್ನು ಸಿಕ್ಕಿಸಿದ ಕಾನೂನಿಗೆ ಆತನ ಸರ್ಕಾರವೇ ಒಪ್ಪಿಗೆ ಕೊಟ್ಟಿತ್ತು. ಹಾಗಾಗಿ ಹೊರಗಿನವರು ತಮ್ಮ ಕಾನೂನನ್ನು ಚಿಲಿಯ ಮೇಲೆ ಹೇರಿದರೆಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ.

ಅನಾರೋಗ್ಯದ ಕಾರಣ ಮುಂದಿಟ್ಟು ಗೃಹಸಚಿವ ಜ್ಯಾಕ್ ಸ್ಟ್ರಾ 2000ದ ಮಾರ್ಚ್ 2ರಂದು ಪಿನೊಶೆಯನ್ನು ಬಿಟ್ಟು ಕಳಿಸಿದರು. ಮರುದಿನ ಸಾಂತಿಯಾಗೋ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯಿಂದೆದ್ದು ನಡೆದ ಆ ಮನುಷ್ಯನನ್ನು ಜಗತ್ತೇ ನೋಡಿತು. ಎಲ್ಲವೂ ವ್ಯರ್ಥವಾಯಿತೆಂದು ಅನೇಕರು ಅಂದುಕೊಂಡರು. ಆದರೆ ಆತ ಲಂಡನ್ನಿನಲ್ಲಿ ಸಿಕ್ಕಿಬಿದ್ದಿದ್ದಾಗಲೇ ಚಿಲಿಯ ನ್ಯಾಯಾಂಗ ಮೈಕೊಡವಿ ಎದ್ದಿತ್ತು. 1978ರ ಕ್ಷಮಾದಾನ ಶಾಸನ ಸೇನಾಡಳಿತದ ಮೊದಲ ವರ್ಷಗಳ ಅಪರಾಧಗಳನ್ನು ಮುಚ್ಚಿಹಾಕಿತ್ತಷ್ಟೆ. ಶವ ಸಿಗದ ಕಣ್ಮರೆ ಇಂದಿಗೂ ಮುಂದುವರಿದಿರುವ ಅಪಹರಣ, ಅದಕ್ಕೆ ಕ್ಷಮೆಯ ಗಡುವು ಅನ್ವಯಿಸದು ಎಂಬ ನಿಲುವನ್ನು ಅಲ್ಲಿನ ಸುಪ್ರೀಂ ಕೋರ್ಟ್ 1999ರ ಜುಲೈನಲ್ಲಿ ಎತ್ತಿಹಿಡಿಯಿತು. ಮರುವರ್ಷ ಆಗಸ್ಟಿನಲ್ಲಿ ಆಜೀವ ಸೆನೆಟರ್ ಆಗಿ ಪಿನೊಶೆಗಿದ್ದ ವಿನಾಯಿತಿಯೂ ಹೋಯಿತು. 2006ರ ಡಿಸೆಂಬರ್ 10ರಂದು ಆತ ಶಿಕ್ಷೆಯಾಗದೆ ಸತ್ತರೂ, ಸಾಯುವ ಹೊತ್ತಿಗೆ ತನ್ನ ದೇಶದಲ್ಲೇ ಆರೋಪಿಯಾಗಿದ್ದ. ಪರದೇಶದ ಕಟಕಟೆ ಸ್ವದೇಶದ ನ್ಯಾಯಾಲಯದ ಜಾಗವನ್ನು ಕಸಿದುಕೊಳ್ಳುತ್ತದೆಂಬ ಭಯ ಸಾಮಾನ್ಯ. ಚಿಲಿಯಲ್ಲಿ ಆದದ್ದು ಅದರ ತದ್ವಿರುದ್ಧ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚಿನ ತೂಕವಿದೆ. ಬಲಿಷ್ಠ ದೇಶಗಳ ನಾಯಕರನ್ನು ಯಾರೂ ಮುಟ್ಟುವುದಿಲ್ಲ. ಎಲ್ಲಿಯ ಅಪರಾಧವನ್ನಾದರೂ ವಿಚಾರಿಸಬಹುದಾಗಿದ್ದ ಬೆಲ್ಜಿಯಂನ 1993ರ ಕಾನೂನು ಅಮೆರಿಕದ ನಾಯಕರ ಮೇಲಿನ ದೂರುಗಳಿಗೂ ಬಾಗಿಲು ತೆರೆದಾಗ, ನೇಟೋ ಕೇಂದ್ರಕಚೇರಿಯ ಭವಿಷ್ಯದ ಮಾತೆತ್ತಿ ಅಮೆರಿಕ ಒತ್ತಡ ಹೇರಿತು. 2003ರಲ್ಲಿ ಬೆಲ್ಜಿಯಂ ಆ ಕಾನೂನನ್ನೇ ಕೈಬಿಟ್ಟಿತು. ಇದು ಅನ್ಯಾಯ. ಆದರೆ ಈ ಅನ್ಯಾಯವನ್ನು ಮುಂದಿಟ್ಟುಕೊಂಡು ಸಣ್ಣ ದೇಶಗಳ ಸಂತ್ರಸ್ತರಿಗೂ ಬಾಗಿಲು ಮುಚ್ಚಬೇಕೆನ್ನುವ ವಾದವನ್ನು ನಾನು ಒಪ್ಪಲಾರೆ. ಏಕೆಂದರೆ ಆ ಬಾಗಿಲನ್ನು ತಟ್ಟಿದವರು ಯೂರೋಪಿನವರಷ್ಟೇ ಅಲ್ಲ.

ಚಾಡ್ ದೇಶವನ್ನು 1982ರಿಂದ 1990ರವರೆಗೆ ಆಳಿದ ಹಿಸೆನ್ ಹಬ್ರೆಗೆ, ಲಿಬಿಯದ ಗಡಾಫಿಗೆ ಎದುರಾಳಿಯೆಂದು ಅಮೆರಿಕ ಮತ್ತು ಫ್ರಾನ್ಸಿನ ಬೆಂಬಲವಿತ್ತು. ರಾಜಧಾನಿ ಅಂಜಮೆನಾದಲ್ಲಿ ಫ್ರೆಂಚರ ಕಾಲದ ಈಜುಕೊಳಕ್ಕೆ ಕಾಂಕ್ರೀಟ್ ಹೊದಿಸಿ ಆತನ ರಾಜಕೀಯ ಪೊಲೀಸರು ನೆಲಮಾಳಿಗೆಯ ಸೆರೆಮನೆ ಮಾಡಿಕೊಂಡಿದ್ದರು. ಪದಚ್ಯುತನಾದ ಹಬ್ರೆ ಸೆನೆಗಲ್‌ನ ಡಕಾರ್‌ಗೆ ಓಡಿಹೋದ. ಆ ಸೆರೆಗಳಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಳೆದು ಬದುಕಿ ಬಂದ ಸುಲೇಮಾನ್ ಗೆಂಗೆಂಗ್ ಸಂಗಾತಿಗಳೊಂದಿಗೆ 792 ಸಂತ್ರಸ್ತರ ಹೇಳಿಕೆಗಳನ್ನು ಬರೆದುಕೊಂಡು, ಕೇಳುವವರಿಲ್ಲದೆ ವರ್ಷಗಟ್ಟಲೆ ಮನೆಯಲ್ಲಿ ಬಚ್ಚಿಟ್ಟಿದ್ದರು. ಪಿನೊಶೆ ಬಂಧನದ ಸುದ್ದಿ ಅವರಿಗೆ ದಾರಿ ತೋರಿತು. 2000ದ ಜನವರಿಯಲ್ಲಿ ಡಕಾರ್‌ನಲ್ಲಿ ದೂರು ದಾಖಲಾಯಿತು. ಮರುವರ್ಷ ಅಂಜಮೆನಾದಲ್ಲಿ ಆ ರಾಜಕೀಯ ಪೊಲೀಸರ ಪಾಳುಬಿದ್ದ ಕಚೇರಿಯಲ್ಲಿ ಸಿಕ್ಕ ಸಾವಿರಾರು ಕಡತಗಳಲ್ಲಿ, ಸೆರೆಯಲ್ಲಿ ಸತ್ತ 1,208 ಮಂದಿಯ ಹೆಸರಿತ್ತು; ಪೊಲೀಸರೇ ಬರೆದಿಟ್ಟ ಲೆಕ್ಕ ಅದು.

ಸೆನೆಗಲ್ ಮೀನಮೇಷ ಎಣಿಸಿತು. ಹಳೆಯ ಕಾನೂನು ಕೈಬಿಡುವ ಮುನ್ನವೇ ತನ್ನಲ್ಲಿ ದಾಖಲಾಗಿದ್ದ ದೂರಿನ ಮೇಲೆ ಹಸ್ತಾಂತರ ಕೋರಿದ ಬೆಲ್ಜಿಯಂ ಕೊನೆಗೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತು. ತಡಮಾಡದೆ ವಿಚಾರಣೆಗೊಪ್ಪಿಸಿ, ಇಲ್ಲವೇ ಹಸ್ತಾಂತರಿಸಿ ಎಂದು 2012ರ ಜುಲೈ 20ರಂದು ಆದೇಶವಾಯಿತು. ಆಫ್ರಿಕನ್ ಒಕ್ಕೂಟದೊಂದಿಗೆ ಸೆನೆಗಲ್ ರಚಿಸಿದ ವಿಶೇಷ ನ್ಯಾಯಪೀಠ, ಬುರ್ಕಿನಾ ಫಾಸೊದ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ, 2016ರ ಮೇ 30ರಂದು ಹಬ್ರೆಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆಫ್ರಿಕದ ಮಾಜಿ ಅಧ್ಯಕ್ಷನನ್ನು ಆಫ್ರಿಕದವರೇ, ಆಫ್ರಿಕದ ನೆಲದಲ್ಲೇ ವಿಚಾರಿಸಿದರು. ಕೆಲವು ಅತ್ಯಾಚಾರದ ಆರೋಪಗಳಲ್ಲಿ ಸಂತ್ರಸ್ತೆಯರು ತಾವೇ ಸಾಕ್ಷಿಕಟ್ಟೆಗೆ ಬಂದು ಆತನೆದುರು ನಿಂತು ಹೇಳಿದರು. ಆತ ನ್ಯಾಯಾಲಯದ ಅಧಿಕಾರವನ್ನೇ ಒಪ್ಪದೆ, ಮುಖ ಮುಚ್ಚಿಕೊಂಡು ಮಾತಿಲ್ಲದೆ ಕುಳಿತಿದ್ದ.

2017ರ ಏಪ್ರಿಲ್‌ನಲ್ಲಿ ಮೇಲ್ಮನವಿ ಪೀಠ ಶಿಕ್ಷೆಯನ್ನು ಎತ್ತಿಹಿಡಿದು, 7,396 ಸಂತ್ರಸ್ತರಿಗೆ 82 ಬಿಲಿಯನ್ ಸಿಎಫ್‌ಎ ಫ್ರಾಂಕ್‌ಗೂ ಹೆಚ್ಚಿನ ಪರಿಹಾರ ನಿಗದಿ ಮಾಡಿತು. 2021ರ ಆಗಸ್ಟ್ 24ರಂದು ಹಬ್ರೆ ಕೋವಿಡ್‌ನಿಂದ ಸತ್ತಾಗಲೂ ಸಂತ್ರಸ್ತರು ಆ ಪರಿಹಾರಕ್ಕಾಗಿ ಕಾಯುತ್ತಲೇ ಇದ್ದರು.