ಒಡೆದ ಸಾಮ್ರಾಜ್ಯ ಒಂದಾಯ್ತು, ಆದ್ರೆ ಮನೆ?

ನಮ್ಮ ಅಜ್ಜ ತೀರಿಕೊಂಡ ಮೇಲೆ ಕಿರಾಣಿ ಅಂಗಡಿ ಮೂರು ಪಾಲಾಯ್ತು. ಮತ್ತೆ ಒಂದಾಗಲೇ ಇಲ್ಲ. ಅದಕ್ಕೇ ಇವತ್ತು ಆಟೋಮನ್ ಸುಲ್ತಾನ ಮೆಹ್ಮದ್ ಚೆಲೆಬಿಯ ಕಥೆ.

1402ರ ಜುಲೈ. ಅಂಕಾರಾ ಹತ್ತಿರ ತೈಮೂರ್, ಮೆಹ್ಮದ್‌ನ ಅಪ್ಪ ಬಯಾಜಿದ್‌ನನ್ನು ಸೋಲಿಸಿ ಸೆರೆ ಹಿಡಿದ. ಮರುವರ್ಷ ಬಯಾಜಿದ್ ಸೆರೆಯಲ್ಲೇ ಸತ್ತ. ಅವನು ಗೆದ್ದುಕೊಂಡಿದ್ದ ಅನತೋಲಿಯಾದ ಎಷ್ಟೋ ನಾಡುಗಳನ್ನು ತೈಮೂರ್ ಹಳೆಯ ಒಡೆಯರಿಗೇ ವಾಪಸ್ ಕೊಟ್ಟ. ಉಳಿದದ್ದಕ್ಕೆ ಅಣ್ಣತಮ್ಮಂದಿರ ಕಾದಾಟ. ಎದಿರ್ನೆಯಲ್ಲಿ ಸುಲೇಮಾನ್, ಬುರ್ಸಾದಲ್ಲಿ ಈಸಾ, ಅಮಾಸ್ಯಾದಲ್ಲಿ ಮೆಹ್ಮದ್.

ಮೆಹ್ಮದ್ ಮೊದಲು ಈಸಾನನ್ನು ಸೋಲಿಸಿದ. ಆಮೇಲೆ ಇನ್ನೊಬ್ಬ ಸೋದರ ಮೂಸಾನನ್ನು ಸುಲೇಮಾನ್ ವಿರುದ್ಧ ಕಳಿಸಿದ. 1411ರಲ್ಲಿ ಸುಲೇಮಾನ್ ಹತನಾದ. ಆದ್ರೆ ಮೂಸಾ ತಾನೇ ಎದಿರ್ನೆಯಲ್ಲಿ ಕೂತ, ಕಾನ್‌ಸ್ಟಾಂಟಿನೋಪಲ್‌ಗೂ ಮುತ್ತಿಗೆ ಹಾಕಿದ. ಹೀಗಾಗಿ ಬೈಜಾಂಟೈನ್ ಚಕ್ರವರ್ತಿ ಎರಡನೇ ಮ್ಯಾನುಯೆಲ್ ಮೆಹ್ಮದ್ ಕಡೆ ನಿಂತ. ಅವನ ಸೈನ್ಯವನ್ನು ಹಡಗಿನಲ್ಲಿ ಬಾಸ್ಫರಸ್ ದಾಟಿಸಿದ. ಸರ್ಬಿಯಾದ ಸ್ಟೆಫಾನ್ ಲಜಾರೆವಿಚ್ ಕೂಡ ಜೊತೆಯಾದ. 1413ರಲ್ಲಿ ಮೂಸಾನ ಕಥೆಯೂ ಮುಗೀತು.

ಬಿ.ಕಾಂ. ಓದಿದವನು ನಾನು, ಜಮಾ-ಖರ್ಚು ನೋಡದೆ ಇರೋಕಾಗಲ್ಲ. ಜಮಾ: ರಾಜ್ಯಕ್ಕೆ ಮತ್ತೆ ಒಬ್ಬನೇ ದೊರೆ. 1453ರಲ್ಲಿ ಮೆಹ್ಮದ್‌ನ ಮೊಮ್ಮಗ, ಅದೇ ಮ್ಯಾನುಯೆಲ್‌ನ ಕಾನ್‌ಸ್ಟಾಂಟಿನೋಪಲ್ ಗೆದ್ದ. ಖರ್ಚು: ಮೂವರು ಸೋದರರು. ಆ ಮೊಮ್ಮಗನ ಹೆಸರಿನ ಕಾನೂನು ಸಂಹಿತೆಯಲ್ಲಿ, ಸಿಂಹಾಸನ ಏರಿದವನು ಸೋದರರನ್ನು ಕೊಲ್ಲೋದಕ್ಕೆ ಅನುಮತಿಯೇ ಇದೆ.

ನಮ್ಮ ಅಂಗಡಿ ಒಂದಾಗಲಿಲ್ಲ, ನಿಜ. ಆದ್ರೆ ಹಬ್ಬ ಬಂದ್ರೆ ದೊಡ್ಡಪ್ಪ, ಚಿಕ್ಕಪ್ಪ ಇಬ್ಬರೂ ಮನೆಗೆ ಊಟಕ್ಕೆ ಬರ್ತಾರೆ.