ಮೀನಿನ ಗಾಯ ಮಾಯಿಸುವ ಮೂಲಿಕೆ ಆಹಾರ: ಇತಿಹಾಸ

ಸಾಕಿದ ಮೀನಿನ ಮೈಮೇಲಿನ ಗಾಯ, ಹುಣ್ಣುಗಳು ಬೇಗ ಮಾಯಲೆಂದು ಅರಿಸಿನ, ಬೇವು, ಬೆಳ್ಳುಳ್ಳಿ, ಉತ್ತರಾಣಿ ಮುಂತಾದವನ್ನು ಅದರ ಆಹಾರದಲ್ಲಿ ಬೆರೆಸಿ ಕೊಡುವ ಪದ್ಧತಿ. ಬಲೆ ತರಚಿದಾಗ, ಸಾಗಣೆಯಲ್ಲಿ ಹುರುಪೆ ಕಿತ್ತುಬಂದಾಗ, ಮೀನುಹೇನು ಕಚ್ಚಿದಾಗ ಗಾಯವಾಗುತ್ತದೆ. ಅಂಚಿನ ಜೀವಕೋಶಗಳು ಕೆಲವೇ ಗಂಟೆಗಳಲ್ಲಿ ಸರಿದುಬಂದು ಗಾಯವನ್ನು ಮುಚ್ಚುತ್ತವೆ. ನಮ್ಮ ಚರ್ಮದ ಹಾಗೆ ಹಕ್ಕಳೆ ಕಟ್ಟುವುದಿಲ್ಲ. ಅಷ್ಟರೊಳಗೆ ಬ್ಯಾಕ್ಟೀರಿಯಾ ಇಲ್ಲವೆ ಬೂಷ್ಟು ಒಳಹೊಕ್ಕರೆ ಅದೇ ಹುಣ್ಣಾಗುತ್ತದೆ. ಕೊಳದಲ್ಲಿರುವ ಸಾವಿರಾರು ಮೀನುಗಳಿಗೆ ಒಂದೊಂದಾಗಿ ಮದ್ದು ಹಚ್ಚುವುದು ಆಗದ ಮಾತು. ನೀರಿಗೆ ಹಾಕಬೇಕು, ಇಲ್ಲವೇ ತಿನ್ನಿಸಬೇಕು.

ಹಳೆಯ ದಾಖಲೆಗಳಲ್ಲಿ ಕಾಣುವುದು ನೀರಿನ ದಾರಿ. ಚೀನಾದ ಶೂ ಗ್ವಾಂಗ್‌ಚಿ ಬರೆದು 1639ರಲ್ಲಿ ಪ್ರಕಟವಾದ ಕೃಷಿ ಗ್ರಂಥವು ಮೀನುಹೇನು ಬಿದ್ದ ಕೊಳದಲ್ಲಿ ಪೈನ್ ಮರದ ಎಲೆಗಳನ್ನು ತೇಲಿಬಿಡಲು ಹೇಳುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿನ ಸಾಕಣೆಗಾರರು ಹುಲ್ಲುಗೆಂಡೆಯ ಕರುಳುಬೇನೆಗೆ ಬೆಳ್ಳುಳ್ಳಿ, ನೆಲಬೇವುಗಳನ್ನು ಆಹಾರದಲ್ಲೇ ಕೊಡತೊಡಗಿದರು.

ಆಹಾರಕ್ಕೂ ಗಾಯಕ್ಕೂ ಇರುವ ನಂಟನ್ನು ಪ್ರಯೋಗದಿಂದ ತೋರಿಸಿದ್ದು ಮೂಲಿಕೆಯಲ್ಲ, ವಿಟಮಿನ್. ಅಮೆರಿಕದ ಜಾನ್ ಹಾಲ್ವರ್ ಮತ್ತು ಸಂಗಡಿಗರು 1969ರಲ್ಲಿ ಕೋಹೊ ಸಾಲ್ಮನ್ ಹಾಗೂ ರೇನ್‌ಬೋ ಟ್ರೌಟ್ ಮೀನುಗಳ ಕುರಿತು ಪ್ರಕಟಿಸಿದ ಅಧ್ಯಯನ ಈ ವಿಷಯದ ತಳಪಾಯವೆನ್ನಬಹುದು. ಹೆಚ್ಚಿನ ಮೀನುಗಳಿಗೆ ವಿಟಮಿನ್ ಸಿ ತಯಾರಿಸಿಕೊಳ್ಳುವ ಶಕ್ತಿಯಿಲ್ಲ. ಅದಿಲ್ಲದೆ ಗಾಯ ಕೂಡಿಸುವ ಕೊಲಾಜೆನ್ ಸರಿಯಾಗಿ ಹೆಣೆದುಕೊಳ್ಳುವುದಿಲ್ಲ. ಗಾಯಗೊಂಡ ಮೀನಿಗೆ ಬೆಳವಣಿಗೆಗೆ ಸಾಲುವಷ್ಟಕ್ಕಿಂತ ಹೆಚ್ಚು ವಿಟಮಿನ್ ಬೇಕೆಂಬುದು ಆಗ ಖಚಿತವಾಯಿತು.

ಏಷ್ಯಾದಲ್ಲಿ ಈ ಪ್ರಶ್ನೆ ತುರ್ತಾದದ್ದು ಹುಣ್ಣುರೋಗದಿಂದ. 1971ರಲ್ಲಿ ಜಪಾನಿನ ಆಯು ಮೀನುಗಳಲ್ಲಿ, 1972ರಲ್ಲಿ ಆಸ್ಟ್ರೇಲಿಯಾದ ಬಂಡಬರ್ಗ್ ಬಳಿ ವರದಿಯಾದ ಈ ಪಿಡುಗು ಆಗ್ನೇಯ ಏಷ್ಯಾವನ್ನು ದಾಟಿ 1988ರಲ್ಲಿ ಈಶಾನ್ಯ ಭಾರತವನ್ನು, 1990ರ ದಶಕದ ಆರಂಭದಲ್ಲಿ ಕರ್ನಾಟಕ, ಕೇರಳಗಳನ್ನು ಮುಟ್ಟಿತು. ಮುರೆಲ್, ಮೃಗಾಲ್ ಮೀನುಗಳ ಮೈಮೇಲೆ ಕೆಂಪು ಕಲೆ ಎದ್ದು ಮಾಂಸದವರೆಗೆ ಕೊರೆಯುತ್ತಿತ್ತು. ಜನ ಮೀನು ಕೊಳ್ಳುವುದನ್ನೇ ಬಿಟ್ಟಾಗ, ಹುಣ್ಣು ತಗಲದ ಕೊಳದವರೂ ನಷ್ಟ ಉಂಡರು. ಕಾರಣ ಬ್ಯಾಕ್ಟೀರಿಯಾವೇ, ವೈರಸ್ಸೇ ಎಂದು ವರ್ಷಗಟ್ಟಲೆ ಚರ್ಚೆ ನಡೆದು, ಕೊನೆಗೆ ಅಫನೊಮೈಸಿಸ್ ಇನ್ವಾಡಾನ್ಸ್ ಎಂಬ ಬೂಷ್ಟಿನಂಥ ಜೀವಿಯೇ ಮೂಲವೆಂದು 1990ರ ದಶಕದಲ್ಲಿ ತೀರ್ಮಾನವಾಯಿತು. ಹುಣ್ಣಿನೊಳಗೆ ಸೇರಿ ಅದನ್ನು ಕೆಡಿಸುವುದು ಏರೋಮೊನಾಸ್ ಬ್ಯಾಕ್ಟೀರಿಯಾ. ಅದರ ಮೇಲೆ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲೂ ಸಂಶೋಧನೆ ನಡೆಯಿತು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ 'ಸಿಫ್ಯಾಕ್ಸ್' ಎಂಬ ದ್ರಾವಣವನ್ನು ಹೊರತಂದಿತು. ಕೈಗೆ ಸಿಕ್ಕ ಸುಣ್ಣ, ಅರಿಸಿನಗಳನ್ನು ರೈತರು ನೀರಿಗೆ ಹಾಕಿದರು.

ಸಂಶೋಧಕರ ಕೈಯಲ್ಲಿ ಮೂಲಿಕೆ ನೀರಿನಿಂದ ಆಹಾರಕ್ಕೆ ದಾಟಿದ್ದು 2000ದ ನಂತರದ ಪ್ರಯೋಗಗಳಲ್ಲಿ ಕಾಣುತ್ತದೆ. ತಮಿಳುನಾಡಿನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಏರೋಮೊನಾಸ್ ಸೋಂಕಿನ ಗೆಂಡೆಮೀನುಗಳನ್ನು ಇನ್ನೂ ಬೇವಿನೆಲೆಯ ಸಾರದಲ್ಲಿ ಅದ್ದಲಾಗುತ್ತಿತ್ತು. ಅದೇ ವರ್ಷ ಟರ್ಕಿಯ ತಂಡವೊಂದು ಟ್ರೌಟ್ ಮೀನಿಗೆ ಶುಂಠಿಯ ಸಾರ ತಿನ್ನಿಸಿತು. ರೋಗಾಣುಗಳನ್ನು ನುಂಗುವ ರಕ್ತಕಣಗಳು ಚುರುಕಾದವು. 2006ರಲ್ಲಿ ಭಾರತದಲ್ಲಿ ಉತ್ತರಾಣಿ ಬೆರೆತ ಆಹಾರ ತಿಂದ ರೋಹು ಮೀನುಗಳು ಏರೋಮೊನಾಸ್ ಸೋಂಕಿಗೆ ಕಡಿಮೆ ಸಂಖ್ಯೆಯಲ್ಲಿ ಬಲಿಯಾದವು. 2009ರಲ್ಲಿ ಥಾಯ್ಲೆಂಡಿನಲ್ಲಿ ತಿಲಾಪಿಯಾಗೆ ನೆಲಬೇವು ಕೊಟ್ಟು ನೋಡಲಾಯಿತು. ಕಾನೂನೂ ಈ ದಿಕ್ಕಿಗೆ ನೂಕಿತು: ಬೆಳವಣಿಗೆಗಾಗಿ ಪಶುಆಹಾರದಲ್ಲಿ ಆಂಟಿಬಯೋಟಿಕ್ ಬೆರೆಸುವುದನ್ನು ಐರೋಪ್ಯ ಒಕ್ಕೂಟ 2006ರಲ್ಲಿ, ಚೀನಾ 2020ರಲ್ಲಿ ನಿಲ್ಲಿಸಿದವು.

ಈ ಪ್ರಯೋಗಗಳಲ್ಲಿ ಬಹುಪಾಲು ಅಳೆದದ್ದು ರಕ್ತವನ್ನು ಮತ್ತು ಬದುಕುಳಿದ ಮೀನುಗಳ ಸಂಖ್ಯೆಯನ್ನು, ಗಾಯವನ್ನಲ್ಲ. ಮೂಲಿಕೆಯ ಸಮರ್ಥಕರು ಇದನ್ನು ಆಗಾಗ ಮರೆಯುತ್ತಾರೆ. ಸ್ಪೇನಿನ ಮುರ್ಸಿಯಾ ವಿಶ್ವವಿದ್ಯಾಲಯದವರು ಕಳೆದ ದಶಕದಲ್ಲಿ ಬ್ರೀಮ್ ಮೀನಿನ ಚರ್ಮದ ಮೇಲೆ ಗಾಯ ಮಾಡಿ, ಅದು ಮುಚ್ಚಿಕೊಳ್ಳುವ ಬಗೆಯನ್ನೇ ಅಭ್ಯಸಿಸಿದ್ದು ಅದಕ್ಕಾಗಿ ಮುಖ್ಯ.

ಇನ್ನೊಂದು ತೊಡಕು ಕೊಳದ ದಂಡೆಯಲ್ಲಿ ನಿಂತವರಿಗೆಲ್ಲ ಗೊತ್ತು: ರೋಗ ಬಲಿತ ಮೀನು ಹಿಂಡಿ ತೌಡಿಗೂ ಬಾಯಿ ಹಾಕುವುದಿಲ್ಲ. ಆದ್ದರಿಂದ ಬಲೆ ಎಳೆಯುವ, ಮರಿ ಸಾಗಿಸುವ, ಚಳಿ ಶುರುವಾಗುವ ವಾರಗಳ ಮುಂಚೆಯೇ ಮೂಲಿಕೆ ಆಹಾರ ಕೊಡುವುದು ಸರಿಯಾದ ಬಳಕೆ. ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ. ಬೇವಿನ ಸಾರ ಹೆಚ್ಚಾದರೆ ಮೀನಿಗೇ ವಿಷ. ಒಂದೇ ಸಸ್ಯದ ಸತ್ವ ಮಣ್ಣು, ಋತು, ಒಣಗಿಸುವ ವಿಧಾನಗಳಿಗೆ ತಕ್ಕಂತೆ ಬದಲಾಗುವುದರಿಂದ, ಒಂದು ಪ್ರಯೋಗಾಲಯದಲ್ಲಿ ಗೆದ್ದ ಅಳತೆಯನ್ನು ಇನ್ನೊಂದು ಊರಿನ ಕೊಳಕ್ಕೆ ಹಾಗೆಯೇ ಒಯ್ಯಲು ಬರುವುದಿಲ್ಲ.