ಗಲ್ವಾನ್, ಗೋಗ್ರಾ, ಡೆಪ್ಸಾಂಗ್: ಸುದ್ದಿಗೆ ಬರುವ ಮೊದಲು ಇವು ಕಾಲುದಾರಿಯ ಹೆಸರುಗಳು

2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಆಮೇಲೆ ಹಳ್ಳಿಯ ಚಹಾದಂಗಡಿಗಳಲ್ಲೂ ಕೆಲವು ಹೊಸ ಹೆಸರುಗಳು ಓಡಾಡಿದವು. ಗಲ್ವಾನ್, ಗೋಗ್ರಾ, ಹಾಟ್ ಸ್ಪ್ರಿಂಗ್ಸ್, ಡೆಪ್ಸಾಂಗ್, ದೌಲತ್ ಬೇಗ್ ಓಲ್ಡಿ. ಟಿವಿಯವರು ನಕ್ಷೆಯ ಮೇಲೆ ಕೆಂಪು ಬಾಣ ಎಳೆದು ತೋರಿಸಿದರು. ಆದರೆ ಯಾರೂ ವಾಸವಿಲ್ಲದ ಆ ಬರಡು ನೆಲದಲ್ಲಿ ಇಷ್ಟೊಂದು ಜಾಗಗಳಿಗೆ ಹೆಸರು ಬಂದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ.

ಬಂದದ್ದು ಹೀಗೆ. ಗಲ್ವಾನ್ ಬಿಟ್ಟರೆ ಉಳಿದವೆಲ್ಲ ಕುದುರೆ ಹೊಡೆದುಕೊಂಡು ನಡೆಯುತ್ತಿದ್ದವರ ಹಾದಿಯ ಮೇಲಿನ ಜಾಗಗಳು. ಲಡಾಖ್‌ನ ಲೇಹ್ ಪಟ್ಟಣದಿಂದ ಈಗ ಚೀನಾದಲ್ಲಿರುವ ಯಾರ್ಕಂದ್‌ಗೆ ಹೋಗುವ ಹಾದಿ ಅದು. ಸುಮಾರು 770 ಕಿಲೋಮೀಟರ್, ತಿಂಗಳ ಮೇಲಿನ ನಡಿಗೆ. ಗಲ್ವಾನ್ ಎಂಬುದಂತೂ ಅಂಥ ಒಬ್ಬ ನಡೆಯುವವನ ಹೆಸರೇ. ಅವರ ವಿಷಯಕ್ಕೆ ಮುಂದೆ ಬರುತ್ತೇವೆ.

ಲೇಹ್ ಇರುವುದೇ 3,500 ಮೀಟರ್ ಎತ್ತರದಲ್ಲಿ. ವರ್ಷಕ್ಕೆ ಬೀಳುವ ಮಳೆ ಸುಮಾರು 10 ಸೆಂಟಿಮೀಟರ್, ನಮ್ಮ ಕಡೆ ಒಂದು ಜೋರು ಮಳೆಯ ದಿನಕ್ಕೆ ಅಷ್ಟು ಬೀಳುತ್ತದೆ. ಹಿಮದ ಬೆಟ್ಟಗಳ ನಡುವಿನ ಮರುಭೂಮಿ ಎಂದರೂ ಸರಿ. ಅಲ್ಲಿಂದ ಉತ್ತರಕ್ಕೆ ಐದು ಘಟ್ಟ ದಾಟಬೇಕು, ಎಲ್ಲವೂ 5,000 ಮೀಟರ್ ಆಸುಪಾಸಿನವು ಅಥವಾ ಅದಕ್ಕೂ ಮೇಲಿನವು. ದಾಟಿದ ಮೇಲೆ ಸಿಗುವುದು ತಕ್ಲಾಮಕಾನ್ ಎಂಬ ಇನ್ನೊಂದು ಮರುಭೂಮಿ. ಅದರ ಅಂಚಿನ ಹಸಿರು ಊರೇ ಯಾರ್ಕಂದ್.

ಇಷ್ಟು ಕಷ್ಟಪಟ್ಟು ಹೋಗುತ್ತಿದ್ದದ್ದು ವ್ಯಾಪಾರಕ್ಕೆ. ಇಲ್ಲಿಂದ ಹತ್ತಿ ಬಟ್ಟೆ, ನೀಲಿ, ಸಾಂಬಾರ ಪದಾರ್ಥ. ಅಲ್ಲಿಂದ ರೇಷ್ಮೆ, ಉಣ್ಣೆಯ ನಮ್ದಾ ಹಾಸು, ಕುದುರೆ, ಜೊತೆಗೆ ಚರಸ್. ಹೌದು, ಚರಸ್. ಆಗ ಅದು ಸರ್ಕಾರವೇ ತೆರಿಗೆ ಹಾಕಿ ಬಿಡುತ್ತಿದ್ದ ಸರಕು. ಪಂಜಾಬಿನ ಹೋಶಿಯಾರ್‌ಪುರದ ವ್ಯಾಪಾರಿಗಳಿಗೆ ಲೇಹ್‌ನಲ್ಲಿ ಅಂಗಡಿಗಳೇ ಇದ್ದವು. ಸರಕು ಹೊರುವ ಕುದುರೆಗಳನ್ನು ಬಾಡಿಗೆಗೆ ಬಿಡುವವರನ್ನು ಕಿರಾಯಕಶ್ ಎನ್ನುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ನಾವು ಕಿರಾಯಿ ಎನ್ನುತ್ತೇವಲ್ಲ, ಅದೇ ಮಾತು.

ಈ ಕಿರಾಯಕಶ್‌ಗಳ ಮುಂದೆ ಇದ್ದ ಪ್ರಶ್ನೆ ಒಂದೇ: ಈ ಸಲ ಯಾವ ಹಾದಿ?

ಮೊದಲನೆಯದು ಬೇಸಿಗೆ ಹಾದಿ. ತಾಬಿಸ್ತಾನಿ ಎಂದು ಅದರ ಹೆಸರು. ಲೇಹ್‌ನಿಂದ ಖರ್ದುಂಗ್ ಲಾ ದಾಟಿ ನುಬ್ರಾ ಕಣಿವೆಗೆ ಇಳಿಯುವುದು. ಲಾ ಎಂದರೆ ಘಟ್ಟದ ಬಾಯಿ. ಇಂದು ಬೈಕ್‌ನವರು ಫೋಟೊ ತೆಗೆಸಿಕೊಳ್ಳುವ ಜಾಗ ಅದೇ. (ಅಲ್ಲಿನ ಬೋರ್ಡ್‌ನಲ್ಲಿ ಬಹುಕಾಲ 18,380 ಅಡಿ ಎಂದು ಬರೆದಿತ್ತು. ಅಳೆದರೆ ಸುಮಾರು 17,600 ಅಡಿಯಷ್ಟೇ.) ನುಬ್ರಾದ ಪನಾಮಿಕ್ ದಾಟಿದರೆ ಊರುಗಳು ಮುಗಿದವು ಎಂದೇ ಲೆಕ್ಕ. ಅಲ್ಲಿಂದ ನದಿಗುಂಟ ನೇರ ಉತ್ತರಕ್ಕೆ ಹೋದರೆ ಸಿಯಾಚಿನ್. 2016ರಲ್ಲಿ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಜೀವ ಹಿಡಿದಿದ್ದದ್ದು ಆ ದಿಕ್ಕಿನಲ್ಲಿ. ವ್ಯಾಪಾರಿಗಳು ಅತ್ತ ಹೋಗದೆ ಪೂರ್ವಕ್ಕೆ ಹೊರಳಿ ಸಾಸೇರ್ ಲಾ ಹತ್ತುತ್ತಿದ್ದರು.

ಸಾಸೇರ್ ಎಂದರೆ ನೀರ್ಗಲ್ಲಿನ ಮೇಲಿನ ನಡಿಗೆ. ಕುದುರೆಯ ಗೊರಸು ಜಾರುತ್ತದೆ. ಅದಕ್ಕೆ ಇಂಥ ಘಟ್ಟಗಳಲ್ಲಿ ಕುದುರೆಯ ಹೇರು ಇಳಿಸಿ ಯಾಕ್ ಎತ್ತುಗಳ ಮೇಲೆ ಹಾಕುತ್ತಿದ್ದರು. ಯಾಕ್ ಬಾಡಿಗೆಗೆ ಕೊಡುವುದು ಘಟ್ಟದ ಕೆಳಗಿನ ಹಳ್ಳಿಯವರಿಗೆ ದೊಡ್ಡ ಆದಾಯ. ಘಟ್ಟ ಇಳಿದರೆ ಶ್ಯೋಕ್ ನದಿ. ಬೇಸಿಗೆಯಲ್ಲಿ ಬಿಸಿಲೇರಿದಂತೆ ಮೇಲಿನ ಹಿಮ ಕರಗುತ್ತದೆ, ಬೆಳಿಗ್ಗೆ ಮೊಣಕಾಲುದ್ದ ಇದ್ದ ನೀರು ಸಂಜೆಗೆ ಕುದುರೆಯನ್ನೇ ಎತ್ತಿಕೊಂಡು ಹೋಗುತ್ತದೆ. ಹಾಗಾಗಿ ನದಿ ದಾಟುವುದೇನಿದ್ದರೂ ಮುಂಜಾನೆಯೇ.

ಇನ್ನೊಂದು ವಿಚಿತ್ರ ನೋಡಿ. ಈ ಹಾದಿಯ ಅತಿ ಎತ್ತರದ ಘಟ್ಟ ಕಾರಾಕೋರಂ, 5,540 ಮೀಟರ್. ಆದರೆ ಹತ್ತಲು ಸುಲಭವಾದದ್ದೂ ಅದೇ, ಏಕೆಂದರೆ ಅಲ್ಲಿ ಹಿಮ ನಿಲ್ಲುವುದು ಕಡಿಮೆ. ತುರ್ಕಿ ಮಾತಿನಲ್ಲಿ ಕಾರಾಕೋರಂ ಎಂದರೆ ಕರಿ ಕಲ್ಲುಪುಡಿ. ಎತ್ತರದ ಅಂಕಿ ನೋಡಿ ದಾರಿ ಕಷ್ಟವೋ ಸುಲಭವೋ ಎಂದು ಹೇಳುವವರಿಗೆ ಇಷ್ಟು ಸಾಕು.

ಎರಡನೆಯದು ಚಳಿಗಾಲದ ಹಾದಿ, ಜಮಿಸ್ತಾನಿ. ಸಾಸೇರ್ ಹತ್ತುವ ಗೋಜಿಲ್ಲ. ಶ್ಯೋಕ್ ನದಿಯ ಕೊರಕಲಿನೊಳಗೇ ಮೇಲಕ್ಕೆ ನಡೆಯುವುದು. ಬೇಸಿಗೆಯಲ್ಲಿ ಕೊಲ್ಲುವ ನದಿ ಚಳಿಗಾಲದಲ್ಲಿ ಗಟ್ಟಿಯಾಗಿ ರಸ್ತೆಯೇ ಆಗುತ್ತದೆ. ಆಚೆ ದಡ, ಈಚೆ ದಡ ಎಂದು ಮತ್ತೆ ಮತ್ತೆ ದಾಟಬೇಕು, ನೀರ್ಗಲ್ಲು ಎಲ್ಲಿ ತೆಳು ಎಂಬುದು ಗೊತ್ತಿರಬೇಕು. ಎರಡೂ ಹಾದಿಗಳು ಮುರ್ಗೋ ಎಂಬಲ್ಲಿ ಸೇರಿ ಡೆಪ್ಸಾಂಗ್ ಬಯಲಿಗೆ ಏರುತ್ತವೆ.

ಮುರ್ಗೋದ ಮುಂದಿನ ಒಂದು ತಂಗುದಾಣದ ಹೆಸರು ಬುರ್ತ್ಸಾ. ಅದು ಅಲ್ಲಿ ಬೆಳೆಯುವ ಒಂದು ಕುರುಚಲು ಗಿಡ, ಅದರ ಬೇರೇ ಸೌದೆ. ಬುರ್ತ್ಸಾ ಎಂದರೆ ಇಲ್ಲಿ ಒಲೆ ಹೊತ್ತಿಸಬಹುದು ಎಂದರ್ಥ. ಹೀಗೆ ಹೆಸರುಗಳೇ ನಕ್ಷೆ. ಓಲ್ಡಿ ಎಂದರೆ ತೀರಿಕೊಂಡ ಎಂದು, ದೌಲತ್ ಬೇಗ್ ಎಂಬುವನು ಸತ್ತ ಜಾಗ. ಈ ಬಯಲಿನಲ್ಲಿ ನಡೆದವರೆಲ್ಲ ಬರೆದಿಟ್ಟ ಒಂದು ಮಾತಿದೆ: ದಾರಿ ತಪ್ಪುವ ಭಯವಿಲ್ಲ, ಸತ್ತ ಕುದುರೆಗಳ ಮೂಳೆಗಳೇ ದಾರಿ ತೋರಿಸುತ್ತವೆ.

ಮೂರನೆಯ ಹಾದಿಯ ಕಥೆ ಬೇರೆ. ಅದನ್ನು ಎತ್ತಿಹಿಡಿದದ್ದು ನಡೆಯುವವರಲ್ಲ, ಸರ್ಕಾರ.

1860ರ ದಶಕದಲ್ಲಿ ಬ್ರಿಟಿಷರಿಗೆ ಯಾರ್ಕಂದ್ ವ್ಯಾಪಾರದ ಮೇಲೆ ಕಣ್ಣು ಬಿತ್ತು. ಸಾಸೇರ್‌ನ ನೀರ್ಗಲ್ಲು, ಶ್ಯೋಕ್‌ನ ನೀರು ಎರಡನ್ನೂ ತಪ್ಪಿಸಿ ಪೂರ್ವಕ್ಕೆ ಸುತ್ತಿಕೊಂಡು ಚಾಂಗ್ ಚೆನ್ಮೋ ಕಣಿವೆ, ಗೋಗ್ರಾ, ಲಿಂಗ್ಜಿ ತಾಂಗ್ ಬಯಲಿನ ಮೇಲೆ ಹೋಗಬಹುದಲ್ಲ ಎಂದರು. ಲೇಹ್‌ನಲ್ಲಿದ್ದ ಅಧಿಕಾರಿ ಡಾ. ಹೆನ್ರಿ ಕೇಲಿ ಈ ಹಾದಿಯ ಪರ ವಾದಿಸಿದರು. ಕಾಗದದ ಮೇಲೆ ಚಂದವಾಗಿಯೇ ಇತ್ತು, ಅಗಲವಾದ ಬಯಲು, ಕಡಿದಾದ ಏರಿಲ್ಲ. 1870ರಲ್ಲಿ ಗವರ್ನರ್ ಜನರಲ್ ಲಾರ್ಡ್ ಮೇಯೋ ಸರ್ಕಾರ ಜಮ್ಮು ಕಾಶ್ಮೀರದ ಮಹಾರಾಜ ರಣಬೀರ್ ಸಿಂಗ್ ಜೊತೆ ಒಪ್ಪಂದವನ್ನೇ ಮಾಡಿಕೊಂಡಿತು. ಹಾದಿಗಳ ಸರ್ವೆ ಆಗಬೇಕು, ಆರಿಸಿದ ಹಾದಿ ಎಲ್ಲರಿಗೂ ಮುಕ್ತ, ದಾಟಿಹೋಗುವ ಸರಕಿಗೆ ಸುಂಕವಿಲ್ಲ, ನೋಡಿಕೊಳ್ಳಲು ಇಬ್ಬರು ಜಂಟಿ ಕಮಿಷನರ್. ಚಾಂಗ್ ಚೆನ್ಮೋ ಹೆಸರು ಆ ಒಪ್ಪಂದದಲ್ಲೇ ಇದೆ.

ಅದೇ ವರ್ಷ ಫೋರ್ಸಿತ್ ಎಂಬ ಅಧಿಕಾರಿಯ ನಿಯೋಗ ಈ ಹಾದಿಯಲ್ಲೇ ಯಾರ್ಕಂದ್‌ಗೆ ಹೊರಟಿತು. ದಾರಿಯುದ್ದಕ್ಕೂ ಹೇರಿನ ಪ್ರಾಣಿಗಳು ಸತ್ತವು.

ಯಾಕೆ ಎಂದು ಲೆಕ್ಕ ಹಾಕಿದರೆ ನಮ್ಮ ಓದುಗರಿಗೆ ಬೇಗ ಅರ್ಥವಾಗುತ್ತದೆ. ಒಂದು ಕುದುರೆಯ ಹೇರು ಎರಡು ಮಣ, ಸುಮಾರು 75 ಕಿಲೊ ಎಂದಿಟ್ಟುಕೊಳ್ಳಿ. ಹುಲ್ಲಿಲ್ಲದ ಕಡೆ ಅದಕ್ಕೆ ದಿನಕ್ಕೆ 3 ಕಿಲೊ ಕಾಳಾದರೂ ಬೇಕು. ಹುಲ್ಲಿಲ್ಲದ ದಾರಿ ನಾಲ್ಕು ದಿನದ್ದಾದರೆ 12 ಕಿಲೊ, ಹೇಗೋ ಹೊಂದಿಸಬಹುದು. ಹತ್ತು ದಿನದ್ದಾದರೆ 30 ಕಿಲೊ. ಅಂದರೆ ಮೂರು ಕುದುರೆಗೆ ಸರಕು ಹೇರಿದರೆ ಅವುಗಳ ಮೇವಿಗೆಂದೇ ಇನ್ನೂ ಒಂದು ಎರಡು ಕುದುರೆ ಬೇಕು, ಆ ಕುದುರೆಗೂ ಹೊಟ್ಟೆ ಇದೆ. ಲಿಂಗ್ಜಿ ತಾಂಗ್ ಸುಮಾರು 5,000 ಮೀಟರ್ ಮೇಲಿನ ಬಯಲು. ಹುಲ್ಲಿಲ್ಲ, ಸೌದೆ ಅಪರೂಪ, ಕೆಲವೆಡೆ ನೀರೂ ಉಪ್ಪು. ಏರು ಇಲ್ಲದಿದ್ದರೇನು, ದಿನಗಟ್ಟಲೆ ಅಷ್ಟು ಎತ್ತರದಲ್ಲೇ ಇರಬೇಕು. ಸಾಸೇರ್ ಕಷ್ಟ ನಿಜ, ಆದರೆ ಹತ್ತಿದವನು ಬೇಗ ಇಳಿಯುತ್ತಾನೆ.

ಸರ್ಕಾರ ಹಾದಿಯ ಮೇಲೆ ಕಾಳಿನ ದಾಸ್ತಾನು ಇಡಿಸಿತು. ಆ ಕಾಳು ಅಲ್ಲಿಗೆ ತಾನಾಗಿಯೇ ನಡೆದು ಹೋಗುವುದಿಲ್ಲವಲ್ಲ. ಲಡಾಖ್‌ನಲ್ಲಿ ಬೇಗಾರ್ ಎಂಬ ಬಿಟ್ಟಿ ಚಾಕರಿ ಇತ್ತು, ಹಳ್ಳಿಗಳು ಸರದಿಯ ಮೇಲೆ ಕುದುರೆ, ಆಳು ಒದಗಿಸುವ ರೇಸ್ ಎಂಬ ಪದ್ಧತಿಯೂ ಇತ್ತು. ಹಾದಿ ಯಾವ ಊರಿನ ಪಕ್ಕ ಹೋಗುತ್ತದೋ ಆ ಊರಿನ ಹುಲ್ಲು, ಆ ಊರಿನ ಬೆನ್ನು. ಇಂದಿಗೂ ರಸ್ತೆ ಸರ್ವೆಯ ಸುದ್ದಿ ಮಾಡಲು ಹೋದಾಗ ನಮಗೆ ಸಿಗುವುದು ಅಧಿಕಾರಿಯ ಕೈಯ ನಕ್ಷೆ. ಅದರಲ್ಲಿ ಬಾವಿ, ಗೋಮಾಳ, ಹೊಲದ ಬದು ಎಲ್ಲಿವೆ ಎಂದು ನಾವು ಊರವರನ್ನೇ ಕೇಳಬೇಕು.

ವ್ಯಾಪಾರಿಗಳು ಒಪ್ಪಂದದ ವಿರುದ್ಧ ಅರ್ಜಿ ಕೊಡುತ್ತ ಕೂರಲಿಲ್ಲ. ಸುಮ್ಮನೆ ಹಳೆಯ ಹಾದಿಯಲ್ಲೇ ಹೋದರು. 1873ರಲ್ಲಿ ಫೋರ್ಸಿತ್ ಎರಡನೇ ಬಾರಿ, ಇನ್ನೂ ದೊಡ್ಡ ದಂಡು ಕಟ್ಟಿಕೊಂಡು ಹೊರಟಾಗ ಮುಖ್ಯ ತಂಡ ಹಿಡಿದದ್ದೂ ಕಾರಾಕೋರಂ ಹಾದಿಯನ್ನೇ. ಚಾಂಗ್ ಚೆನ್ಮೋ ಕಡೆ ಸರ್ವೆಗೆಂದು ಒಂದು ಸಣ್ಣ ತಂಡ ಹೋಯಿತು.

ಈಗ ಗಲ್ವಾನ್ ಮಾತು. ಗುಲಾಮ್ ರಸೂಲ್ ಗಲ್ವಾನ್ ಲೇಹ್‌ನ ಬಡ ಮನೆಯ ಹುಡುಗ. ಹುಟ್ಟಿದ್ದು 1878ರ ಸುಮಾರಿಗೆ. ಹನ್ನೆರಡು ಹದಿಮೂರರ ವಯಸ್ಸಿಗೇ ಸಾಹೇಬರ ತಂಡಗಳಲ್ಲಿ ಕುದುರೆ ಕಾಯುವ ಕೆಲಸಕ್ಕೆ ಸೇರಿದರು. ಬೆಳೆದು ಇಡೀ ತಂಡ ನಡೆಸುವ ಮುಖಂಡರಾದರು. ದಾರಿ ಕಾಣದೆ ಸಿಕ್ಕಿಕೊಂಡ ತಂಡವೊಂದಕ್ಕೆ ಆ ಕೊರಕಲಿನಲ್ಲಿ ಹಾದಿ ಹುಡುಕಿಕೊಟ್ಟದ್ದಕ್ಕೆ ನದಿಗೆ ಅವರ ಹೆಸರಿಟ್ಟರು ಎಂಬುದು ಲಡಾಖ್‌ನಲ್ಲಿ ಇಂದಿಗೂ ಹೇಳುವ ಮಾತು. ಆ ಕಾಲದಲ್ಲಿ ಬೆಟ್ಟ, ನದಿ, ನೀರ್ಗಲ್ಲುಗಳಿಗೆ ಸಾಹೇಬರ ಹೆಸರು ಬೀಳುವುದು ರೂಢಿ. ಆಳಿನ ಹೆಸರು ಬಿದ್ದದ್ದು ತೀರಾ ಅಪರೂಪ. ಹರುಕು ಮುರುಕು ಇಂಗ್ಲಿಷ್‌ನಲ್ಲೇ ಅವರು ತಮ್ಮ ಜೀವನದ ಕಥೆ ಬರೆದರು, 1923ರಲ್ಲಿ ಅಚ್ಚಾಯಿತು. ಅದರ ಹೆಸರಿನ ಅರ್ಥ ಸಾಹೇಬರ ಸೇವಕ. ಎರಡು ವರ್ಷಕ್ಕೆ ತೀರಿಕೊಂಡರು.

1949ರಲ್ಲಿ ಯಾರ್ಕಂದ್ ಇರುವ ಸೀಮೆ ಕಮ್ಯುನಿಸ್ಟ್ ಚೀನಾದ ಕೈಗೆ ಹೋಯಿತು, ವ್ಯಾಪಾರ ನಿಂತಿತು. ನುಬ್ರಾದ ಹುಂಡರ್‌ನಲ್ಲಿ ಪ್ರವಾಸಿಗರನ್ನು ಹೊತ್ತು ತಿರುಗುವ ಎರಡು ಡುಬ್ಬದ ಒಂಟೆಗಳು ಆ ಕಾಲದ ಹೇರು ಒಂಟೆಗಳ ಸಂತತಿ.

ಹಾದಿಗಳು ಮಾತ್ರ ನಿಲ್ಲಲಿಲ್ಲ. ದರ್ಬುಕ್‌ನಿಂದ ಶ್ಯೋಕ್ ಮೂಲಕ ದೌಲತ್ ಬೇಗ್ ಓಲ್ಡಿಗೆ ಹೋಗುವ 255 ಕಿಲೋಮೀಟರ್ ಸೇನಾ ರಸ್ತೆ ಬಹುಮಟ್ಟಿಗೆ ಆ ಚಳಿಗಾಲದ ಹಾದಿಯನ್ನೇ ಹಿಡಿದು ಹೋಗಿದೆ. ಬೇಸಿಗೆಯ ನೀರಿಗೆ ಅಲ್ಲಿ ರಸ್ತೆ ನಿಲ್ಲಿಸುವುದು ವರ್ಷಗಟ್ಟಲೆ ತಲೆನೋವಾಯಿತು. ಶ್ಯೋಕ್ ಮೇಲಿನ ದೊಡ್ಡ ಸೇತುವೆ ತೆರೆದದ್ದು 2019ರಲ್ಲಿ. ಅದೊಂದೇ ಸಾಲದು ಎಂದು ಗಡಿ ರಸ್ತೆ ಸಂಸ್ಥೆ ನುಬ್ರಾದ ಸಾಸೋಮಾದಿಂದ ಸಾಸೇರ್ ಲಾ ಮೇಲೆ ಇನ್ನೊಂದು ರಸ್ತೆಯ ಕೆಲಸ ಹಿಡಿದಿದೆ. ಅದು ಬೇಸಿಗೆ ಹಾದಿ.

ನಮ್ಮ ಊರುಗಳ ಹುಡುಗರೂ ಈಗ ಲಡಾಖ್‌ನಲ್ಲಿ ಟ್ರೆಕ್ಕಿಂಗ್ ಹೋಗುತ್ತಾರೆ. ಡೆಪ್ಸಾಂಗ್ ಕಡೆಯ ಹಳೆಯ ಹಾದಿಯಲ್ಲಿ ಚಾರಣಿಗರಿಗೆ ಜಾಗವಿಲ್ಲ. ಆದರೆ ಲೇಹ್ ಪಕ್ಕದ ಸಾಬು ಹಳ್ಳಿಯಿಂದ ದಿಗರ್ ಲಾ ದಾಟಿ ಶ್ಯೋಕ್ ಕಡೆ ಇಳಿಯುವ ಕಾಲುದಾರಿಯಲ್ಲಿ ಚಾರಣಿಗರು ಓಡಾಡುತ್ತಾರೆ. ಖರ್ದುಂಗ್ ಬೇಡವಾದಾಗ ಹೇರು ಕುದುರೆಗಳು ಹಿಡಿಯುತ್ತಿದ್ದ ಹಾದಿ ಇದು. ಎತ್ತರ 5,000 ಮೀಟರ್ ಮೀರುತ್ತದೆ, ಮೊದಲ ಸಲ ಹೋಗುವವರಿಗೆ ನಾವಂತೂ ಹೇಳುವುದಿಲ್ಲ. ಅವರಿಗೆ ಶಾಮ್ ಕಣಿವೆ ಒಳ್ಳೆಯದು, ಹಳ್ಳಿಯಿಂದ ಹಳ್ಳಿಗೆ ಮೂರು ನಾಲ್ಕು ದಿನದ ನಡಿಗೆ. ಯಾವುದೇ ಹಾದಿ ಇರಲಿ, ಫೋನ್‌ನ ನಕ್ಷೆ ನೋಡಿ ಹಣ ಕಟ್ಟುವ ಮೊದಲು ಲೇಹ್‌ನ ಕುದುರೆಯವರನ್ನು ಮೂರು ಮಾತು ಕೇಳಿ: ಈ ವಾರ ಹೊಳೆಯನ್ನು ಎಷ್ಟು ಹೊತ್ತಿಗೆ ದಾಟಬೇಕು, ರಾತ್ರಿ ತಂಗುವಲ್ಲಿ ಕುದುರೆಗೆ ಹುಲ್ಲು ಇದೆಯೇ, ಮೇಲೆ ಯಾರಿಗಾದರೂ ತಲೆನೋವು ಬಂದರೆ ಬೇಗ ಇಳಿಯುವುದು ಯಾವ ಕಡೆಗೆ. ಕೇಳಿದ ಮೇಲೆ ಎರಡು ಮೂರು ದಿನ ಲೇಹ್‌ನಲ್ಲೇ ಸುಮ್ಮನೆ ಇರಿ, ಮೈ ಎತ್ತರಕ್ಕೆ ಒಗ್ಗಲಿ. ಯಾರ್ಕಂದ್ ಹಾದಿಯ ಕುದುರೆಗಳೂ ಅಲ್ಲಿ ಕುದುರೆಮಸಾಲೆ ಸೊಪ್ಪು ಮೇಯುತ್ತ ವಾರಗಟ್ಟಲೆ ನಿಲ್ಲುತ್ತಿದ್ದವು.